ಏರಿದ ಒತ್ತಡ ಇಳಿಯಬೇಕಾದರೆ

ರಾತ್ರಿ ಹತ್ತು ಗಂಟೆಗೆ ಮೇಲಧಿಕಾರಿಯಿಂದ ಒಂದೇ ಸಾಲಿನ ಸಂದೇಶ ಬರುತ್ತದೆ: "ನಾಳೆ ಬಂದ ಕೂಡಲೇ ನನ್ನನ್ನು ಕಾಣಿ." ಕಾರಣ ಬರೆದಿಲ್ಲ. ಓದಿ ಮುಗಿಸುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳಲು ಶುರುವಾಗಿರುತ್ತದೆ, ಅಂಗೈ ಬೆವೆತಿರುತ್ತದೆ, ಗೊತ್ತೇ ಆಗದಂತೆ ಹೆಗಲು ಕಿವಿಯ ಕಡೆಗೆ ಏರಿರುತ್ತದೆ. ಹನ್ನೆರಡಾದರೂ ನಿದ್ದೆ ಹತ್ತುವುದಿಲ್ಲ. ಮರುದಿನ ಹೋಗಿ ನಿಂತರೆ, ಅವರಿಗೆ ಬೇಕಾಗಿದ್ದದ್ದು ಯಾವುದೋ ಹಳೆಯ ಕಡತ. ಆ ರಾತ್ರಿ ಮೈಯೊಳಗೆ ನಡೆದದ್ದೇನು, ಅದರಲ್ಲಿ ನಮ್ಮ ಕೈಯಲ್ಲಿದ್ದದ್ದು ಎಷ್ಟು ಎಂಬುದನ್ನು ಮೊದಲು ನೋಡೋಣ.

ಅಪಾಯದ ಸುಳಿವು ಸಿಕ್ಕ ಕೆಲವೇ ಸೆಕೆಂಡುಗಳಲ್ಲಿ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಹೊಡೆದಾಡಲು ಅಥವಾ ಓಡಿಹೋಗಲು ದೇಹ ನಡೆಸುವ ಸಿದ್ಧತೆ ಇದು ಎಂದು ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 20ನೆಯ ಶತಮಾನದ ಆರಂಭದಲ್ಲೇ ವಿವರಿಸಿದ್ದರು. ಇದರ ಬೆನ್ನಿಗೇ ಮೆದುಳು ತನ್ನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮೂಲಕ ಎರಡನೆಯ ಆಜ್ಞೆಯೊಂದನ್ನು ಹೊರಡಿಸುತ್ತದೆ. ಆ ಆಜ್ಞೆಯಂತೆ ಅಡ್ರಿನಲ್ ಗ್ರಂಥಿಗಳೇ ಸ್ರವಿಸುವ ಕಾರ್ಟಿಸಾಲ್ ನಿಧಾನದ ಹಾರ್ಮೋನು, ರಕ್ತದಲ್ಲಿ ಅದು ಗರಿಷ್ಠ ಮಟ್ಟ ಮುಟ್ಟಲು ಸುಮಾರು 20ರಿಂದ 30 ನಿಮಿಷ ಹಿಡಿಯುತ್ತದೆ. ಆದ್ದರಿಂದ ಗಾಬರಿಯ ಕಾರಣ ಕಣ್ಮರೆಯಾದ ಮೇಲೂ ಮೈ ಕೆಲಹೊತ್ತು ಕಾದೇ ಇರುತ್ತದೆ. "ಟೆನ್ಷನ್ ಮಾಡಿಕೊಳ್ಳಬೇಡಿ" ಎಂಬ ಸಲಹೆಯಿಂದ ಟೆನ್ಷನ್ ಕಡಿಮೆಯಾದವರನ್ನು ನಾನಂತೂ ಕಂಡಿಲ್ಲ. ರಕ್ತಕ್ಕೆ ಸೇರಿದ ಹಾರ್ಮೋನು ಮಾತು ಕೇಳಿ ಹಿಂತಿರುಗುವುದಿಲ್ಲ.

ಹೀಗೆ ಏರುವುದು ರೋಗವಲ್ಲ. ಪರೀಕ್ಷೆಗೆ ಮುನ್ನ ಸ್ವಲ್ಪ ಒತ್ತಡವಿದ್ದರೆ ಗಮನ ಚುರುಕಾಗುತ್ತದೆ. ತೊಂದರೆ ಇರುವುದು ಏರಿದ್ದು ಇಳಿಯುವ ಮೊದಲೇ ಇನ್ನೊಂದು ಏರುವುದರಲ್ಲಿ. ಒತ್ತಡವನ್ನು ಅಧ್ಯಯನ ಮಾಡಿದ ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಚಳಿ, ಗಾಯ, ಅತಿಯಾದ ದಣಿವು ಹೀಗೆ ಬೇರೆಬೇರೆ ಕಷ್ಟಗಳಿಗೆ ಗುರಿಯಾದ ಇಲಿಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳು ಕಾಣಿಸಿಕೊಂಡವು. ಅಡ್ರಿನಲ್ ಗ್ರಂಥಿ ಊದಿತ್ತು, ಜಠರದಲ್ಲಿ ಹುಣ್ಣಾಗಿತ್ತು. ಕಷ್ಟ ಯಾವುದೆಂದು ದೇಹ ಹೆಚ್ಚು ವಿಚಾರಿಸುವುದಿಲ್ಲ ಎಂದಾಯಿತು. ಸಂತೋಷದ ಸಂಗತಿಗಳೂ ಈ ಲೆಕ್ಕದಿಂದ ಹೊರಗಿಲ್ಲ: ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳಿಗೆ ಒತ್ತಡದ ಅಂಕ ಕೊಟ್ಟು ಮಾಡಿದ ಪಟ್ಟಿಯಲ್ಲಿ ಸಂಗಾತಿಯ ಸಾವಿಗೆ 100 ಅಂಕವಿದ್ದರೆ ಮದುವೆಗೆ 50 ಇದೆ, ರಜೆಗೂ 13 ಇದೆ.

ಮೊದಲ ಕೆಲಸ, ನಿಮ್ಮ ದೇಹದ ಭಾಷೆಯನ್ನು ಕಲಿಯುವುದು. ಕೆಲವರಿಗೆ ಒತ್ತಡ ಮೊದಲು ತಲೆನೋವಾಗಿ ಬರುತ್ತದೆ, ಕೆಲವರಿಗೆ ಹೊಟ್ಟೆಯ ಕಸಿವಿಸಿಯಾಗಿ, ಇನ್ನು ಕೆಲವರಿಗೆ ಸಣ್ಣ ಮಾತಿಗೂ ಸಿಡುಕುವ ಸ್ವಭಾವವಾಗಿ. ಎರಡು ವಾರ ಒಂದು ಪುಟ್ಟ ಪುಸ್ತಕದಲ್ಲಿ ದಿನಕ್ಕೆ ಎರಡು ಸಾಲು ಬರೆಯಿರಿ: ಎಷ್ಟು ಹೊತ್ತಿಗೆ, ಯಾವ ಸಂದರ್ಭದಲ್ಲಿ, ಮೈಯಲ್ಲಿ ಏನಾಯಿತು. "ಸಂಜೆ ಆರು, ಲೆಕ್ಕ ತಾಳೆಯಾಗಲಿಲ್ಲ, ದವಡೆ ಬಿಗಿಯಿತು" ಎಂಬಷ್ಟು ಸಾಕು. ಕೆಲಸ ಜಾಸ್ತಿಯಾದದ್ದರಿಂದ ಹೀಗಾಗುತ್ತಿದೆ ಎಂದುಕೊಂಡವರು ಎರಡು ವಾರಗಳ ಬಳಿಕ ತಿರುಗಿ ಓದಿದಾಗ, ಕೆಲಸಕ್ಕಿಂತ ಒಬ್ಬ ವ್ಯಕ್ತಿಯ ಹೆಸರೇ ಮತ್ತೆಮತ್ತೆ ಬಂದಿರುವುದನ್ನು ಕಾಣುವುದುಂಟು.

ಒತ್ತಡ ಏರಿದ ಗಳಿಗೆಯಲ್ಲಿ ಮಾಡಬೇಕಾದದ್ದು ಉಸಿರಾಟದಿಂದ ಶುರುವಾಗುತ್ತದೆ. ಹೃದಯದ ಬಡಿತವನ್ನು ನೇರವಾಗಿ ತಗ್ಗಿಸಲು ನಮಗೆ ಬಾರದು; ಉಸಿರನ್ನು ನಿಧಾನಿಸಲು ಬರುತ್ತದೆ, ಮತ್ತು ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯ ತಾನಾಗಿಯೇ ತುಸು ನಿಧಾನಿಸುತ್ತದೆ. ಹೊಟ್ಟೆಯ ಮೇಲೆ ಒಂದು ಕೈಯಿಟ್ಟು, ಮನಸ್ಸಿನಲ್ಲಿ ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರೆಳೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ಎಣಿಕೆಗೊಂದು ಸೆಕೆಂಡಾದರೆ ನಿಮಿಷಕ್ಕೆ ಆರು ಉಸಿರಾಗುತ್ತದೆ. ಐದು ನಿಮಿಷ ಮಾಡಿ. ತಲೆ ಸುತ್ತಿದಂತಾದರೆ ನೀವು ಅಗತ್ಯಕ್ಕಿಂತ ಆಳವಾಗಿ ಉಸಿರೆಳೆಯುತ್ತಿದ್ದೀರಿ ಎಂದು ತಿಳಿದು, ಮಾಮೂಲಿ ಉಸಿರಾಟಕ್ಕೆ ಮರಳಿರಿ. ಕುಳಿತು ಎಣಿಸುವ ತಾಳ್ಮೆ ಇಲ್ಲದವರು ಸ್ನಾಯುಗಳ ದಾರಿ ಹಿಡಿಯಬಹುದು. ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು ಕಳೆದ ಶತಮಾನದ ಮೊದಲರ್ಧದಲ್ಲಿ ರೂಪಿಸಿದ ಕ್ರಮವಿದು. ಮುಷ್ಟಿಯನ್ನು ಐದು ಸೆಕೆಂಡು ಬಿಗಿಹಿಡಿದು ಒಮ್ಮೆಲೇ ಸಡಿಲಿಸಿ, ಸಡಿಲಾದ ಅನುಭವವನ್ನು ಹತ್ತು ಸೆಕೆಂಡು ಗಮನಿಸಿ, ಆಮೇಲೆ ತೋಳು, ಹೆಗಲು, ದವಡೆ, ಹೊಟ್ಟೆ, ಕಾಲು ಹೀಗೆ ಮುಂದುವರಿಯಿರಿ. ಓಡಲು ಸಿದ್ಧವಾದ ದೇಹವನ್ನು ಹತ್ತು ನಿಮಿಷ ಬಿರುಸಾಗಿ ನಡೆಸಿದರೂ ಒಳ್ಳೆಯದೇ. ಇದೆಲ್ಲಕ್ಕಿಂತ ಸುಲಭವಾದ, ಆದರೂ ಪಾಲಿಸಲು ಬಲು ಕಷ್ಟವಾದ ನಿಯಮ ಒಂದಿದೆ: ಆ ಮೊದಲ ಅರ್ಧ ಗಂಟೆಯಲ್ಲಿ ಯಾರಿಗೂ ಉತ್ತರ ಬರೆಯಬೇಡಿ, ರಾಜೀನಾಮೆಯನ್ನಂತೂ ಬರೆಯಲೇಬೇಡಿ.

ಮೈಯ ಒತ್ತಡ ಇಳಿದ ಮೇಲೂ ಚಿಂತೆ ಉಳಿದಿದ್ದರೆ ಅದಕ್ಕೊಂದು ಹೊತ್ತು ಗೊತ್ತುಮಾಡುವುದು ಉಪಯುಕ್ತ. ದಿನವೂ ಸಂಜೆ, ಮಲಗುವ ವೇಳೆಗೆ ತೀರ ಹತ್ತಿರವಾಗದಂತೆ, ಕಾಲು ಗಂಟೆ ಇಟ್ಟುಕೊಂಡು ಕಾಡುತ್ತಿರುವುದನ್ನೆಲ್ಲ ಬರೆಯಿರಿ. ಬೇರೆ ಹೊತ್ತಿನಲ್ಲಿ ಚಿಂತೆ ಎದ್ದರೆ ಅದನ್ನು ಆ ಕಾಲು ಗಂಟೆಗೆ ಮುಂದೂಡಿ. ಬರೆದದ್ದರಲ್ಲಿ ನಿಮ್ಮಿಂದ ಏನಾದರೂ ಮಾಡಲಾಗುವ ಸಂಗತಿಯ ಮುಂದೆ ನಾಳೆ ಇಡಬಹುದಾದ ಒಂದೇ ಒಂದು ಚಿಕ್ಕ ಹೆಜ್ಜೆಯನ್ನು ಬರೆಯಿರಿ. "ಸಾಲ ತೀರಿಸಬೇಕು" ಎಂಬುದು ಹೆಜ್ಜೆಯಲ್ಲ, "ಬೆಳಿಗ್ಗೆ ಹನ್ನೊಂದಕ್ಕೆ ಬ್ಯಾಂಕಿಗೆ ಫೋನ್ ಮಾಡಿ ಕಂತಿನ ಅವಧಿ ವಿಸ್ತರಿಸಲು ಸಾಧ್ಯವೇ ಎಂದು ಕೇಳಬೇಕು" ಎಂಬುದು ಹೆಜ್ಜೆ. ಮಾಡಲಾಗದ ಸಂಗತಿಯ ಮುಂದೆ ಜಾಗ ಖಾಲಿ ಬಿಡಿ. ಖಾಲಿ ಬಿಡುವುದು ಮೊದಮೊದಲು ಸಂಕಟವೆನಿಸುತ್ತದೆ.

ಉಳಿದದ್ದು ಎಲ್ಲರೂ ಕೇಳಿರುವ ಮಾತು, ಹಾಗೆಂದು ಸುಳ್ಳಲ್ಲ. ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆಯ ನಿದ್ದೆ ಬೇಕು. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ತೀವ್ರತೆಯ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಕುಡಿದ ಕಾಫಿಯ ಕೆಫೀನ್‌ನಲ್ಲಿ ಅರ್ಧ ಭಾಗ ರಕ್ತದಿಂದ ಹೋಗಲು ಸುಮಾರು 5 ಗಂಟೆ ಬೇಕಾಗುವುದರಿಂದ ಸಂಜೆಯ ಕಾಫಿ ರಾತ್ರಿಯ ನಿದ್ದೆಗೆ ಅಡ್ಡ ಬರುತ್ತದೆ. ಮದ್ಯ ಬೇಗ ನಿದ್ದೆ ಬರಿಸಿದರೂ ಬೆಳಗಿನ ಜಾವದ ನಿದ್ದೆಯನ್ನು ಕೆಡಿಸುತ್ತದೆ, ಆದ್ದರಿಂದ ಒತ್ತಡಕ್ಕೆ ಅದು ಮದ್ದಲ್ಲ.

ನಿದ್ದೆ, ಹಸಿವು, ಕೆಲಸದಲ್ಲಿನ ಗಮನ ಇವು ಎರಡು ವಾರ ಮೀರಿ ಕೆಟ್ಟಿದ್ದರೆ ವೈದ್ಯರನ್ನು ಕಾಣಬೇಕು. ಎದೆನೋವು ಬಂದಾಗ "ಟೆನ್ಷನ್ ಇರಬಹುದು" ಎಂದು ನೀವೇ ತೀರ್ಮಾನಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ. ಬದುಕೇ ಬೇಡವೆನ್ನುವ ಯೋಚನೆ ಸುಳಿದರೆ ಅಂದೇ ಆಪ್ತರೊಬ್ಬರಿಗೆ ಹೇಳಿ, ಅವರ ಜೊತೆಯಲ್ಲೇ ಮನೋವೈದ್ಯರ ಬಳಿ ಹೋಗಿ. ದಿನಕ್ಕೆರಡು ಸಾಲು ಬರೆದ ಆ ಪುಸ್ತಕವಿದ್ದರೆ ಕೊಂಡೊಯ್ಯಿರಿ. ಎದುರಿಗೆ ಕುಳಿತಾಗ "ಯಾವಾಗಿನಿಂದ?" ಎಂಬ ಮೊದಲ ಪ್ರಶ್ನೆಗೇ ತಡವರಿಸುವವರು ಬಹಳ ಮಂದಿ.