ಸ್ಪೋರ್ಟಿ ಸೆಡಾನ್ ತರುವ ಮುನ್ನ ಅವ್ವನನ್ನು ಹಿಂದೆ ಕೂರಿಸಿ ನೋಡಿ

ಶೋರೂಮಿಗೆ ಹೋದವರು ಮೊದಲು ಹೋಗಿ ಕೂರುವುದು ಡ್ರೈವರ್ ಸೀಟಿನಲ್ಲೇ. ನಾನೂ ಹಾಗೇ ಮಾಡಿದ್ದೆ. ಸ್ಟೀರಿಂಗ್ ಹಿಡಿದು, ಗೇರ್ ಹಾಕಿ ತೆಗೆದು ಖುಷಿಪಡುತ್ತಿದ್ದೆ. ಅಷ್ಟರಲ್ಲಿ ಅವ್ವ ಹಿಂದಿನ ಬಾಗಿಲು ತೆಗೆದು ಕೂತಳು. ಎರಡು ನಿಮಿಷ ಬಿಟ್ಟು ಇಳಿಯಲು ನೋಡಿದಳು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಮುಂದಿನ ಸೀಟಿನ ಮೇಲೆ. ಸೀಟು ತಗ್ಗಿನಲ್ಲಿತ್ತು, ಮೊಣಕಾಲು ಎದೆಮಟ್ಟಕ್ಕೆ ಬಂದಿತ್ತು. ಏಳುವಾಗ ತಲೆ ಚೌಕಟ್ಟಿಗೆ ತಾಗಿತು. "ಕುಂದ್ರಲಕ್ ಛಂದ್ ಅದ, ಏಳಲಕ್ ಆಗಂಗಿಲ್ಲ ನೋಡಪ್ಪ" ಅಂದಳು. ಆ ಕಾರು ಅಲ್ಲೇ ಕೈಬಿಟ್ಟೆವು.

ಈಗ ಎಲ್ಲರೂ ಎಸ್‌ಯುವಿ ಎನ್ನುತ್ತಾರೆ. ಆದರೂ ಸೆಡಾನ್ ಇಷ್ಟಪಡುವವರು ಕಲಬುರಗಿಯಲ್ಲಿ ಕಡಿಮೆ ಇಲ್ಲ. ತಗ್ಗಿನ ಕಾರು ತಿರುವಿನಲ್ಲಿ ಜಾಸ್ತಿ ವಾಲುವುದಿಲ್ಲ. ಡಿಕ್ಕಿ ಬೇರೆಯೇ ಇರುತ್ತದೆ. ಹೈವೇಯಲ್ಲಿ ನೆಲ ಕಚ್ಚಿ ಓಡುತ್ತದೆ. ಓಡಿಸುವ ಖುಷಿ ಬೇಕು, ಮನೆ ಮಂದಿಯೂ ಆರಾಮವಾಗಿ ಕೂರಬೇಕು ಅಂದರೆ ಆರಿಸುವ ಕ್ರಮವನ್ನೇ ತಿರುಗಿಸಬೇಕು. ಹಿಂದಿನ ಸೀಟಿನಿಂದ ಶುರು ಮಾಡಿ, ಇಂಜಿನ್ನಿಗೆ ಆಮೇಲೆ ಬನ್ನಿ.

ಮೊದಲು ಮಂದಿ ಎಣಿಸಿ

ತಿಂಗಳಿಗೆ ಎಷ್ಟು ಸಲ ಐದೂ ಜನ ಕೂತು ಹೋಗುತ್ತೀರಿ? ಗಂಡ, ಹೆಂಡತಿ, ಇಬ್ಬರು ಸಣ್ಣ ಮಕ್ಕಳು ಅಂದರೆ ಯಾವ ಸೆಡಾನ್ ಆದರೂ ನಡೆದೀತು. ಹಿಂದೆ ಮೂವರು ದೊಡ್ಡವರು ಕೂರುವುದಾದರೆ ಲೆಕ್ಕ ಬೇರೆ. ನಡುವೆ ಕೂತವರ ಕಾಲಿನ ಕೆಳಗೆ ನೆಲ ಉಬ್ಬಿರುತ್ತದೆ, ಬೆನ್ನಿಗೆ ಮಡಚುವ ಕೈಒರಗು ಒತ್ತುತ್ತದೆ. ಅಲ್ಲಿ ನೀವೇ ಹತ್ತು ನಿಮಿಷ ಕೂತು ನೋಡಿ. ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾಗಳ ಹಿಂದಿನ ಸೀಟು ಇಬ್ಬರಿಗೆ ಬಹಳ ಚೆನ್ನಾಗಿದೆ, ಮೂವರಿಗೆ ಭುಜ ಒತ್ತುತ್ತದೆ. ಹೋಂಡಾ ಸಿಟಿಯ ಹಿಂದಿನ ಸೀಟು ನಮ್ಮ ಮನೆಯವರಿಗೆಲ್ಲ ಹಿಡಿಸಿತು. ಹ್ಯುಂಡೈ ವೆರ್ನಾದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2670 ಮಿ.ಮೀ. ಈ ನಾಲ್ಕರಲ್ಲಿ ಅದೇ ಹೆಚ್ಚು.

ಹಿರಿಯರನ್ನು ಕರೆದುಕೊಂಡು ಹೋಗಿ, ಮೂರು ಸಲ ಹತ್ತಿಸಿ ಇಳಿಸಿ. ಸೀರೆ ಉಟ್ಟವರು, ಧೋತರ ಉಟ್ಟವರು ಹೇಗೆ ಕಾಲು ಎತ್ತಿಡುತ್ತಾರೆ ನೋಡಿ. ಮೊಣಕಾಲು ನೋವಿದ್ದರೆ ಹಿಂದಿನ ಸೀಟಿಗಿಂತ ಮುಂದಿನ ಎಡ ಸೀಟೇ ಸುಲಭ. ಅದರ ಎತ್ತರ ಹೆಚ್ಚುಕಡಿಮೆ ಮಾಡಲು ಬರುತ್ತದೆಯೇ ಅಂತ ಕೇಳಿ. ಕೆಲವು ಕಾರುಗಳಲ್ಲಿ ಆ ಸೌಲಭ್ಯ ಡ್ರೈವರ್‌ಗೆ ಮಾತ್ರ.

ಮಧ್ಯಾಹ್ನ ಎರಡು ಗಂಟೆಗೆ ಹೋಗಿ

ನಮ್ಮಲ್ಲಿ ಏಪ್ರಿಲ್, ಮೇ ಅಂದರೆ 42, 43 ಡಿಗ್ರಿ ಬಿಸಿಲು. ಸಂಜೆ ಐದರ ಮೇಲೆ ಟೆಸ್ಟ್ ಡ್ರೈವ್ ಮಾಡಿದರೆ ಏಸಿಯ ನಿಜ ಗೊತ್ತಾಗುವುದಿಲ್ಲ. ಮಧ್ಯಾಹ್ನ ಹೋಗಿ, ಕಾರನ್ನು ಒಂದು ತಾಸು ಬಿಸಿಲಿಗೆ ನಿಲ್ಲಿಸಲು ಹೇಳಿ, ಆಮೇಲೆ ಹತ್ತಿ. ಹಿಂದೆ ಕೂತವರ ಮುಖಕ್ಕೆ ತಣ್ಣನೆ ಗಾಳಿ ಬರಲು ಎಷ್ಟು ನಿಮಿಷ ಹಿಡಿಯಿತು ಅಂತ ಗಡಿಯಾರ ನೋಡಿ. ಹಿಂದಿನವರಿಗೆ ಬೇರೆ ಏಸಿ ಕಿಂಡಿ ಇರಲೇಬೇಕು. ಇದರಲ್ಲಿ ರಾಜಿ ಬೇಡ.

ಸ್ಪೋರ್ಟಿ ವೇರಿಯಂಟ್‌ಗಳಲ್ಲಿ ಒಳಗೆಲ್ಲ ಕಪ್ಪು ಬಣ್ಣ ಜಾಸ್ತಿ. ಸೀಟು ಕಪ್ಪು, ಚಾವಣಿಯ ಒಳಬದಿ ಕಪ್ಪು, ಕೆಲವಕ್ಕೆ ಹೊರಗಿನ ಚಾವಣಿಯೂ ಕಪ್ಪು. ಫೋಟೊದಲ್ಲಿ ಚೆಂದ ಕಾಣುತ್ತದೆ. ಮೇ ತಿಂಗಳಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಅರ್ಧ ತಾಸು ನಿಲ್ಲಿಸಿ ಬಂದರೆ ಕಥೆಯೇ ಬೇರೆ. ನಮ್ಮ ತಂಗಿಯ ಮಗಳು ಒಮ್ಮೆ ಬೆಲ್ಟಿನ ಲೋಹದ ನಾಲಿಗೆ ಮುಟ್ಟಿ ಕಿರುಚಿಕೊಂಡಿದ್ದಳು. ಬೆರಳ ತುದಿ ಕೆಂಪಾಗಿತ್ತು. ಬಿಳಿ ಅಥವಾ ಬೆಳ್ಳಿ ಬಣ್ಣದ ಕಾರು, ಒಳಗೆ ತಿಳಿ ಬಣ್ಣದ ಸೀಟು, ಹಿಂದಿನ ಗಾಜಿಗೆ ಪರದೆ. ನಮ್ಮ ಬಿಸಿಲಿಗೆ ಇದು ಸರಿ. ಗಾಳಿಯಾಡುವ ಸೀಟು ಅಂತ ಹೇಳಿದರೆ ಅದು ಮುಂದೆ ಮಾತ್ರವೋ ಹಿಂದೆಯೂ ಇದೆಯೋ ಕೇಳಿ. ಸನ್‌ರೂಫ್ ಬಗ್ಗೆ ಮಕ್ಕಳು ಹಟ ಮಾಡುತ್ತಾರೆ, ಗೊತ್ತು. ಆ ದುಡ್ಡಿನಲ್ಲಿ ಒಳ್ಳೆಯ ಟಯರ್ ಬರುತ್ತವೆ.

ಹಂಪ್ ದಾಟಿಸಿ ನೋಡಿ

ಇದು ನಮ್ಮ ಭಾಗದ ದೊಡ್ಡ ವಿಷಯ. ಇಲ್ಲಿನ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟೇ ಹೊಸದಿರಲಿ, ಕೆಲವು ವರ್ಷಗಳಲ್ಲಿ ಅಲೆ ಅಲೆಯಾಗುತ್ತದೆ. ಆಳಂದ ರಸ್ತೆ, ಸೇಡಂ ರಸ್ತೆಯಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ. ಅದರ ಮೇಲೆ ಊರೂರಿಗೂ ಜನ ತಾವೇ ಹಾಕಿಕೊಂಡ ಹಂಪ್‌ಗಳು.

ವರ್ಟಸ್, ಸ್ಲಾವಿಯಾಗಳ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಜಾಗ) 179 ಮಿ.ಮೀ., ಹೋಂಡಾ ಸಿಟಿಯದು 165. ಆದರೆ ಇದು ಖಾಲಿ ಕಾರಿನ ಲೆಕ್ಕ. ಐದು ಜನ ಕೂತು, ಡಿಕ್ಕಿ ತುಂಬಿದ ಮೇಲೆ ಹಿಂಬದಿ ಇಳಿದುಬಿಡುತ್ತದೆ. ನಮ್ಮ ಹಳೆಯ ಕಾರು ಒಬ್ಬನೇ ಓಡಿಸುವಾಗ ಎಲ್ಲ ಹಂಪ್ ಸಲೀಸಾಗಿ ದಾಟುತ್ತಿತ್ತು. ಊರಿನಿಂದ ತೊಗರಿಬೇಳೆ ಚೀಲ ಹಾಕಿಕೊಂಡು ಎಲ್ಲರೂ ಬರುವಾಗ ಮುಂದಿನ ಚಕ್ರ ದಾಟಿತು, ಆಮೇಲೆ ಹೊಟ್ಟೆಯ ಕೆಳಗೆ ಕರ್ ಅಂತ ಎಳೆದ ಸದ್ದು. ಎಲ್ಲರೂ ಮಾತು ನಿಲ್ಲಿಸಿದರು. ಇಳಿದು ಬಗ್ಗಿ ನೋಡಿದರೆ ಸೈಲೆನ್ಸರ್ ಪೈಪಿನ ಮೇಲೆ ಗೇಣುದ್ದದ ಬೆಳ್ಳನೆಯ ಗೀರು.

ಹಾಗಾಗಿ ಟೆಸ್ಟ್ ಡ್ರೈವ್‌ಗೆ ಮನೆಯವರನ್ನೆಲ್ಲ ಕೂರಿಸಿಕೊಂಡೇ ಹೋಗಿ. ಡಿಕ್ಕಿಗೆ 50 ಕೆಜಿ ಚೀಲ ಹಾಕಲು ಸಂಕೋಚ ಬೇಡ. ರಿಂಗ್ ರೋಡ್‌ನಲ್ಲಿ ಒಂದು ಸುತ್ತು ಹಾಕಿ ಬಂದರೆ ಸಾಲದು. ನಿಮ್ಮ ಓಣಿಯ ಹಂಪ್, ನಿಮ್ಮ ಮನೆಯ ಗೇಟಿನ ಇಳಿಜಾರು, ಇವೆರಡನ್ನೂ ದಾಟಿಸಿ. ಹಂಪ್‌ಗೆ ಕಾರನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ ಬಿಟ್ಟರೆ ಸ್ವಲ್ಪ ಜಾಗ ಸಿಗುತ್ತದೆ.

ಟಯರ್ ಬದಿಯಲ್ಲಿ ಬರೆದ ಅಂಕಿ ಓದಲು ಕಲಿತುಕೊಳ್ಳಿ. 205/55 ಆರ್16 ಅಂದರೆ ಟಯರ್ ಅಗಲ 205 ಮಿ.ಮೀ., ಅದರ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 55 ಭಾಗ, ಅಂದರೆ ಸುಮಾರು 113 ಮಿ.ಮೀ. 195/65 ಆರ್15 ಆದರೆ ಸುಮಾರು 127 ಮಿ.ಮೀ. 185/55 ಆರ್16 ಆದರೆ ಬರೀ 102. ಪಕ್ಕೆ ಎತ್ತರ ಇದ್ದಷ್ಟೂ ಗುಂಡಿಯ ಹೊಡೆತ ಟಯರ್ ತಾನೇ ನುಂಗುತ್ತದೆ, ಅಲಾಯ್ ಚಕ್ರ ಉಳಿಯುತ್ತದೆ. ದೊಡ್ಡ ಚಕ್ರ ನೋಡಲು ಚೆಂದ. ಶಹಾಬಾದ್ ಕಡೆ ಕಲ್ಲಿನ ಲಾರಿ ಓಡಾಡುವ ರಸ್ತೆಯಲ್ಲಿ ದಿನಾ ಹೋಗುವವರು 15 ಇಂಚಿನದೇ ತಗೊಳ್ಳಲಿ.

ಈಗ ಇಂಜಿನ್

ಕಲಬುರಗಿಯಿಂದ ಜೇವರ್ಗಿ ಕಡೆ ಹೋಗುವ ರಸ್ತೆ ನೆನಪಿಸಿಕೊಳ್ಳಿ. ನವೆಂಬರ್‌ನಿಂದ ಕಬ್ಬಿನ ಟ್ರ್ಯಾಕ್ಟರ್ ಶುರು. ಎರಡು ಟ್ರೇಲರ್, ಮೇಲೆ ಹೊರಗೆ ಚಾಚಿದ ಕಬ್ಬು, ಎಷ್ಟೋ ಸಲ ಹಿಂದೆ ದೀಪವೂ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ಲಾರಿಗಳು. ಎದುರಿನ ಬಸ್ ದೂರ ಇರುವಾಗಲೇ ದಾಟಿ ನಮ್ಮ ಬದಿಗೆ ಬಂದುಬಿಡಬೇಕು. ಇಂಜಿನ್ನಿನ ಬಲ ಮನೆ ಮಂದಿಯ ಕೆಲಸಕ್ಕೆ ಬರುವುದು ಇಲ್ಲೇ. 120ರಲ್ಲಿ ಓಡಿಸಲಿಕ್ಕಲ್ಲ, 50ರಿಂದ 80ಕ್ಕೆ ಬೇಗ ಏರಲಿಕ್ಕೆ.

ಪೇಪರಿನಲ್ಲಿ ಪಿಎಸ್ (ಇಂಜಿನ್ನಿನ ಅಶ್ವಶಕ್ತಿ) ನೋಡಿ ಮರುಳಾಗಬೇಡಿ. ಟಾರ್ಕ್ (ಇಂಜಿನ್ ತಿರುಗಿಸುವ ಬಲ, ಅಳತೆ ಎನ್‌ಎಂನಲ್ಲಿ) ಎಷ್ಟು, ಅದು ಎಷ್ಟು ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಸಿಗುತ್ತದೆ ಅನ್ನುವುದನ್ನು ನೋಡಿ. ಹೋಂಡಾ ಸಿಟಿಯ 1.5 ಲೀಟರ್ ಪೆಟ್ರೋಲ್ ಇಂಜಿನ್ 121 ಪಿಎಸ್ ಕೊಡುತ್ತದೆ, ಆದರೆ ಅದರ 145 ಎನ್‌ಎಂ ಟಾರ್ಕ್ ಪೂರ್ತಿ ಸಿಗುವುದು 4300 ಆರ್‌ಪಿಎಂನಲ್ಲಿ. ಗೇರ್ ಇಳಿಸಿ ಇಂಜಿನ್ ಕೂಗಿಸಬೇಕು. ವರ್ಟಸ್, ಸ್ಲಾವಿಯಾಗಳ 1.0 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವ ಇಂಜಿನ್) ಪಿಎಸ್ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ, 115 ಮಾತ್ರ. ಆದರೆ 178 ಎನ್‌ಎಂ 1750ರಿಂದಲೇ ಸಿಗುತ್ತದೆ. ಅದೇ ಕಾರುಗಳ 1.5 ಟರ್ಬೊ 150 ಪಿಎಸ್, 250 ಎನ್‌ಎಂ. ವೆರ್ನಾ ಟರ್ಬೊ ಇನ್ನೂ ಜೋರು, 160 ಪಿಎಸ್, 253 ಎನ್‌ಎಂ. ಐದು ಜನ ಕೂತು ಏಸಿ ಹಾಕಿದಾಗ ಈ ವ್ಯತ್ಯಾಸ ಪಾದಕ್ಕೇ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಊರೊಳಗೆ ಜಾಸ್ತಿ ಓಡಾಡಿ ತಿಂಗಳಿಗೊಮ್ಮೆ ಹೈದರಾಬಾದ್ ಅಥವಾ ಸೊಲ್ಲಾಪುರ ನೋಡುವವರಿಗೆ 1.0 ಟರ್ಬೊ ಸಾಕು. ವಾರವಾರ ಹೈವೇ ಹಿಡಿಯುವವರು 1.5 ಟರ್ಬೊ ನೋಡಲಿ. ಟರ್ಬೊ ಇಂಜಿನ್ ಕಾಲು ಒತ್ತಿದಷ್ಟೂ ಪೆಟ್ರೋಲ್ ಕುಡಿಯುತ್ತದೆ. ಕಂಪನಿ ಹೇಳಿದ ಮೈಲೇಜ್ ಊರೊಳಗೆ ಸಿಗುವುದಿಲ್ಲ.

ಆಟೊಮ್ಯಾಟಿಕ್ ಬೇಕಿದ್ದರೆ ಅದರ ಬಗೆ ಕೇಳಿ. 1.5 ಟರ್ಬೊ ವರ್ಟಸ್, ಸ್ಲಾವಿಯಾಗಳಿಗೆ ಬಂದಿರುವ ಡಿಎಸ್‌ಜಿ ಗೇರ್‌ಬಾಕ್ಸ್‌ನಲ್ಲಿ ಎರಡು ಒಣ (ಎಣ್ಣೆಯಲ್ಲಿ ಮುಳುಗಿರದ) ಕ್ಲಚ್ ಇರುತ್ತವೆ. ಹೈವೇಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಗೇರ್ ಬದಲಿಸುತ್ತದೆ. ಆದರೆ ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಇಂಚಿಂಚು ಸರಿಯುವಾಗ ಕ್ಲಚ್ ಬಿಸಿಯಾಗುತ್ತದೆ. ಅಂಥ ಕಡೆ ಕಾರನ್ನು ಇರುವೆಯಂತೆ ಸರಿಸುತ್ತಾ ಇರಬೇಡಿ. ಮುಂದೆ ಜಾಗ ಆಗುವವರೆಗೆ ಬ್ರೇಕ್ ಮೇಲೆ ನಿಂತು, ಆಮೇಲೆ ಬಿಡಿ. ಕ್ಲಚ್ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಬಗೆಯದು ಇಂಥ ಓಡಾಟಕ್ಕೆ ಹೆಚ್ಚು ತಾಳುತ್ತದೆ. ಸಿಟಿಯ ಸಿವಿಟಿ (ಹಂತ ಹಂತದ ಗೇರ್ ಇಲ್ಲದ ಆಟೊಮ್ಯಾಟಿಕ್) ಬಹಳ ಮೆತ್ತಗೆ, ಆದರೆ ಅದರಲ್ಲಿ ಸ್ಪೋರ್ಟಿ ಅನ್ನಿಸುವುದು ಕಡಿಮೆ.

ಬೆಲ್ಟು, ಮಕ್ಕಳ ಸೀಟು

2023ರಲ್ಲಿ ವರ್ಟಸ್, ಸ್ಲಾವಿಯಾ, ವೆರ್ನಾ ಮೂರೂ ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಮತ್ತು ಮಕ್ಕಳ ಸುರಕ್ಷತೆಗೆ 5 ಸ್ಟಾರ್ ಪಡೆದವು. ಸಣ್ಣ ಸೆಡಾನ್‌ಗಳಲ್ಲಿ ಹೊಸ ಮಾರುತಿ ಡಿಜೈರ್ 2024ರಲ್ಲಿ ದೊಡ್ಡವರ ಸುರಕ್ಷತೆಗೆ 5 ಸ್ಟಾರ್ ತಂದಿತು. ಸ್ಟಾರ್ ಎಷ್ಟಿದ್ದರೂ ಹಿಂದೆ ಬೆಲ್ಟ್ ಹಾಕದಿದ್ದರೆ ಅದು ಕೆಲಸಕ್ಕೆ ಬರುವುದಿಲ್ಲ. ನಮ್ಮಲ್ಲಿ ಹಿಂದೆ ಕೂತವರು ಬೆಲ್ಟ್ ಹಾಕುವುದೇ ಅಪರೂಪ, ಅಲ್ವಾ? ಕಾನೂನಿನಲ್ಲಿ ಹಿಂದಿನವರಿಗೂ ಕಡ್ಡಾಯ, ಹಾಕದಿದ್ದರೆ 1000 ರೂಪಾಯಿ ದಂಡ. ನಡುವಿನ ಸೀಟಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯೇ, ಸೀಟ್ ಕವರ್ ಹಾಕಿದ ಮೇಲೆ ಬಕಲ್ ಒಳಗೆ ಸೇರಿಹೋಗುತ್ತದೆಯೇ ನೋಡಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಬೇಡಿ. ಐಸೊಫಿಕ್ಸ್ ಕೊಂಡಿಗೆ ಮಕ್ಕಳ ಸೀಟು ಹಾಕಿ ತೆಗೆಯಲು ನಿಮ್ಮ ಮನೆಯಾಕೆಗೂ ಬರುವಂತೆ ಶೋರೂಮಿನಲ್ಲೇ ಕಲಿಯಿರಿ.

ಡಿಕ್ಕಿ

ವೆರ್ನಾ 528 ಲೀಟರ್, ವರ್ಟಸ್ ಮತ್ತು ಸ್ಲಾವಿಯಾ 521, ಸಿಟಿ 506. ನಾಲ್ಕು ಮೀಟರ್ ಒಳಗಿನವುಗಳಲ್ಲಿ ಹೋಂಡಾ ಅಮೇಜ್ 416, ಡಿಜೈರ್ 382. ಬಾಯಿ ಸಣ್ಣದಿದ್ದರೆ ಲೀಟರ್ ಎಷ್ಟಿದ್ದರೂ ದೊಡ್ಡ ಪೆಟ್ಟಿಗೆ ಹೋಗದು. ಮನೆಯ ದೊಡ್ಡ ಸೂಟ್‌ಕೇಸ್ ಒಂದನ್ನು ಜೊತೆಗೇ ಒಯ್ಯಿರಿ.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಒಳಗೆ ಇದ್ದು, ಪೆಟ್ರೋಲ್ ಇಂಜಿನ್ 1200 ಸಿಸಿ ಮೀರದಿದ್ದರೆ 18 ಪರ್ಸೆಂಟ್. ಇಲ್ಲದಿದ್ದರೆ 40. ವರ್ಟಸ್‌ನ 1.0 ಇಂಜಿನ್ ಬರೀ 999 ಸಿಸಿ, ಆದರೆ ಕಾರಿನ ಉದ್ದ ನಾಲ್ಕೂವರೆ ಮೀಟರ್ ದಾಟುವುದರಿಂದ ಅದಕ್ಕೂ 40. ಡಿಜೈರ್, ಅಮೇಜ್, ಔರಾ, ಟಿಗೋರ್ ಅಗ್ಗವಾಗಿ ಸಿಗಲು ಇದೂ ಒಂದು ಕಾರಣ. ಅವು ಮನೆಗೆ ಒಳ್ಳೆಯ ಕಾರುಗಳೇ, ಆದರೆ ಸ್ಪೋರ್ಟಿ ಎನ್ನಲಾರೆ.

ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. 5ರಿಂದ 10 ಲಕ್ಷದವರೆಗೆ 14 ಪರ್ಸೆಂಟ್, 10ರಿಂದ 20 ಲಕ್ಷಕ್ಕೆ 17, ಆ ಟ್ಯಾಕ್ಸಿನ ಮೇಲೆ ಸೆಸ್ ಬೇರೆ. ಗೆರೆ ದಾಟಿದರೆ ಪೂರ್ತಿ ಮೊತ್ತಕ್ಕೆ ಹೊಸ ದರ ಬೀಳುತ್ತದೆ. ಸೆಸ್ ಬಿಟ್ಟು, 9,95,000 ರೂಪಾಯಿಯ ಕಾರಿಗೆ ಟ್ಯಾಕ್ಸ್ 1,39,300. 10,10,000ದ ಕಾರಿಗೆ 1,71,700. ಬೆಲೆಯಲ್ಲಿ 15 ಸಾವಿರ ಹೆಚ್ಚು, ಟ್ಯಾಕ್ಸಿನಲ್ಲಿ 32,400 ಹೆಚ್ಚು. ಹತ್ತು ಲಕ್ಷದ ಆಸುಪಾಸಿನ ವೇರಿಯಂಟ್ ನೋಡುವವರು ಇದನ್ನು ಕಾಗದದ ಮೇಲೆ ಬರೆದುಕೊಂಡೇ ಹೋಗಿ. ಪಕ್ಕದ ರಾಜ್ಯದ ನಂಬರ್ ಹಾಕಿಸಿ ಇಲ್ಲಿ ಓಡಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. 12 ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಹೊಸದಾಗಿ ರಿಜಿಸ್ಟ್ರೇಷನ್ ಮಾಡಿಸಲೇಬೇಕು. ಸುಮ್ನೆ ನಮ್ಮ ಕಲಬುರಗಿಯ ಕೆಎ-32 ಹಾಕಿಸಿಕೊಳ್ಳಿ.

ಬುಕ್ ಮಾಡುವ ಮುನ್ನ ವರ್ಕ್‌ಶಾಪಿಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕಾಯುತ್ತಾ ಕೂತವರನ್ನು ಮಾತಾಡಿಸಿ. ನಮ್ಮ ಹಿಂದಿನ ಕಾರಿನ ಒಂದು ಸಣ್ಣ ಸೆನ್ಸರ್ ಹೈದರಾಬಾದ್‌ನಿಂದ ಬರಲು ಮೂರು ವಾರ ಹಿಡಿದಿತ್ತು. ಅಷ್ಟೂ ದಿನ ಅವ್ವನ ಆಸ್ಪತ್ರೆ ಓಡಾಟ ಆಟೊದಲ್ಲಿ. ಟರ್ಬೊ, ಡಬಲ್ ಕ್ಲಚ್ ಇರುವ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿಬಿಡಿ. ಅದನ್ನು ದಂಡದ ಖರ್ಚು ಅಂದುಕೊಳ್ಳಬೇಡಿ.

ಡೆಲಿವರಿ ದಿನ

ಹೂಮಾಲೆ ಹಾಕುವ ಮುನ್ನ ಕಾರನ್ನು ಹಗಲು ಬೆಳಕಿನಲ್ಲಿ ನೋಡಿ. ತಯಾರಾದ ತಿಂಗಳು, ಓಡಿದ ಕಿಲೋಮೀಟರ್, ನಾಲ್ಕು ಟಯರ್‌ಗಳ ಜೊತೆ ಸ್ಟೆಪ್ನಿ, ಜಾಕ್, ಎರಡು ಕೀಲಿ. ಬಾಗಿಲಿನ ಒಳಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಟಯರ್ ಗಾಳಿಯ ಎರಡು ಲೆಕ್ಕ ಇರುತ್ತವೆ, ಕಡಿಮೆ ಮಂದಿಗೆ ಒಂದು, ತುಂಬಿದ ಕಾರಿಗೆ ಇನ್ನೊಂದು. ಅದರ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ ಟಯರ್ ತಣ್ಣಗಿರುವಾಗಲೇ ಗಾಳಿ ನೋಡಿಸಿ. ಬೇಸಿಗೆ ಅಂತ ಗಾಳಿ ಕಡಿಮೆ ಮಾಡಿಸುವುದು ತಪ್ಪು, ಮೆತ್ತಗಾದ ಟಯರ್ ಇನ್ನೂ ಜಾಸ್ತಿ ಬಿಸಿಯಾಗುತ್ತದೆ.

ನಾವು ಕೊನೆಗೆ ತಂದದ್ದು 1.0 ಟರ್ಬೊ, ಬಿಳಿ ಬಣ್ಣ. ಮೊದಲ ಸಲ ಹೋಗಿದ್ದು ಗಾಣಗಾಪುರಕ್ಕೆ. ಮುಂದಿನ ಎಡ ಸೀಟನ್ನು ಪೂರ್ತಿ ಮೇಲೆತ್ತಿ ಅವ್ವನನ್ನು ಕೂರಿಸಿದೆವು. ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸಿ ನಾನು ಆ ಕಡೆಯಿಂದ ಸುತ್ತಿ ಬರುವಷ್ಟರಲ್ಲಿ ಅವಳು ತಾನೇ ಬಾಗಿಲು ತೆಗೆದು, ಯಾರ ಕೈಯನ್ನೂ ಹಿಡಿಯದೆ ಇಳಿದು ನಿಂತಿದ್ದಳು.