ಹಳೆ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ವಿಡಿಯೋ ಓಡದಿದ್ದರೆ ಮೊದಲು ಏನು ನೋಡಬೇಕು

ಹಳೆ ಕಂಪ್ಯೂಟರಿನಲ್ಲಿ ವಿಡಿಯೋ ಓಡಲಿಲ್ಲ ಅಂದ ಕೂಡಲೇ ಜನ ಪ್ಲೇಯರನ್ನೇ ಕಿತ್ತು ಹಾಕುತ್ತಾರೆ. ಇನ್ನೊಂದು ಪ್ಲೇಯರ್ ತಂದು ಹಾಕುತ್ತಾರೆ. ಅದರಲ್ಲೂ ಓಡದಿದ್ದರೆ ಎಲ್ಲೋ ಸಿಕ್ಕ ಕೋಡೆಕ್ ಪ್ಯಾಕ್ ಹಾಕುತ್ತಾರೆ. (ಕೋಡೆಕ್ ಅಂದರೆ ಒತ್ತಿ ತುಂಬಿದ ವಿಡಿಯೋ, ಹಾಡನ್ನು ಬಿಡಿಸಿ ಓಡಿಸುವ ಸಣ್ಣ ಸಾಫ್ಟ್‌ವೇರ್.) ಕೊನೆಗೆ ಚೆನ್ನಾಗಿ ಓಡುತ್ತಿದ್ದ ಹಾಡುಗಳೂ ನಿಂತುಹೋಗುತ್ತವೆ. ಇಂಥ ಕಂಪ್ಯೂಟರುಗಳು ನಮ್ಮ ಡಿಟಿಪಿ ಅಂಗಡಿಗೆ ಬರುತ್ತಲೇ ಇರುತ್ತವೆ. ಬಹಳಷ್ಟು ಸಲ ತಪ್ಪು ಪ್ಲೇಯರಿನದ್ದಲ್ಲ.

ನಮ್ಮ ಅಂಗಡಿಯಲ್ಲೇ ಒಂದು ವಿಂಡೋಸ್ ಎಕ್ಸ್‌ಪಿ ಇದೆ. ಪೆಂಟಿಯಂ 4, 512 ಎಂಬಿ ರ‍್ಯಾಮ್. ಹಳೆ ಲಗ್ನಪತ್ರಿಕೆಗಳ ಪೇಜ್‌ಮೇಕರ್ ಫೈಲುಗಳು ಅದರಲ್ಲೇ ಸರಿಯಾಗಿ ತೆರೆಯುತ್ತವೆ, ಅದಕ್ಕೇ ಇಟ್ಟುಕೊಂಡಿದ್ದೇನೆ. ಈಗ ಅದಕ್ಕೆ ಇನ್ನೊಂದು ಕೆಲಸವೂ ಸೇರಿದೆ. ಮದುವೆಯ ವಿಸಿಡಿ, ತಾಳಮದ್ದಳೆಯ ಎಂಪಿ3 ಸಿಡಿ ಹಿಡಿದುಕೊಂಡು ಊರಿನವರು ಬರುತ್ತಾರೆ. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕಲು ಜಾಗವೇ ಇರುವುದಿಲ್ಲ ಅಲ್ವಾ?

ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಎಕ್ಸ್‌ಪಿಗೆ ಸಂಬಂಧಿಸಿದ್ದು. ಒಂದೇ ಒಂದು ನಿಯಮ ನೆನಪಿಡಿ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು.

ತೊಂದರೆ ಎಲ್ಲಿದೆ ಅಂತ ಮೊದಲು ಕಂಡುಹಿಡಿಯಿರಿ

ಸಿ ಡ್ರೈವಿನಲ್ಲಿ ವಿಂಡೋಸ್ ಫೋಲ್ಡರ್, ಅದರೊಳಗೆ ಮೀಡಿಯಾ ಅನ್ನುವ ಫೋಲ್ಡರ್ ಇದೆ. ಕಂಪ್ಯೂಟರ್ ಶುರುವಾಗುವಾಗ ಬರುವ ಸಂಗೀತ, ಗಂಟೆಯ ಸದ್ದು ಎಲ್ಲ ಅಲ್ಲಿವೆ. ಅದರಲ್ಲಿ ಒಂದನ್ನು ಓಡಿಸಿ. ಸದ್ದು ಬಂದರೆ ಸೌಂಡ್ ಕಾರ್ಡ್, ಡ್ರೈವರ್, ಸ್ಪೀಕರ್ ಮೂರೂ ಸರಿ ಇವೆ ಅಂತ ಅರ್ಥ. ಇನ್ನು ಅವುಗಳ ತಂಟೆಗೆ ಹೋಗಬೇಡಿ.

ಆಮೇಲೆ ಹಿಂದೆ ಇದೇ ಕಂಪ್ಯೂಟರಿನಲ್ಲಿ ಓಡಿದ್ದ ಒಂದು ವಿಡಿಯೋ ಹಾಕಿ ನೋಡಿ. ಅದು ಓಡುತ್ತಿದ್ದು, ಹೊಸದಾಗಿ ತಂದದ್ದು ಮಾತ್ರ ಓಡದಿದ್ದರೆ ತೊಂದರೆ ಫೈಲಿನಲ್ಲಿ. ಯಾವುದೂ ಓಡದಿದ್ದರೆ ಮಾತ್ರ ಪ್ಲೇಯರ್ ಕಡೆ ನೋಡಿ. ಡಿಸ್ಕಿನಿಂದ ಮಾತ್ರ ತಡವರಿಸುತ್ತದೆ, ಹಾರ್ಡ್ ಡಿಸ್ಕಿನಿಂದ ಸಲೀಸಾಗಿ ಓಡುತ್ತದೆ ಅಂದರೆ ಸಿಡಿ ಡ್ರೈವಿನ ಕಥೆ. ಇಷ್ಟು ನೋಡಲು ಐದು ನಿಮಿಷ ಸಾಕು. ಎಷ್ಟೋ ಹೊತ್ತಿನ ಒದ್ದಾಟ ಉಳಿಯುತ್ತದೆ.

ಯಾವ ಪ್ಲೇಯರ್ ಇಟ್ಟುಕೊಳ್ಳಬೇಕು

ಎಕ್ಸ್‌ಪಿ ಜೊತೆ ಬರುವ ವಿಂಡೋಸ್ ಮೀಡಿಯಾ ಪ್ಲೇಯರ್ ಹಾಡಿಗೆ ಸಾಕು. ಅದಕ್ಕೆ ತಾನಾಗಿ ಡಿವಿಡಿ ಓಡಿಸಲು ಬರುವುದಿಲ್ಲ, ಬೇರೆ ಡಿಕೋಡರ್ ಬೇಕು. ಎಕ್ಸ್‌ಪಿಗೆ ಬಂದ ಕೊನೆಯ ಆವೃತ್ತಿ 11. ಈಗಿನ ಎಂಪಿ4 ಫೈಲುಗಳು ಅದಕ್ಕೂ ಗೊತ್ತಿಲ್ಲ. ಹಾಗಾಗಿ ವಿಡಿಯೋಗೆ ನಾನು ವಿಎಲ್‌ಸಿ ಅನ್ನುವ ಉಚಿತ ಪ್ಲೇಯರನ್ನೇ ಹಾಕುತ್ತೇನೆ. ಬೇಕಾದ ಕೋಡೆಕ್‌ಗಳೆಲ್ಲ ಅದರ ಹೊಟ್ಟೆಯೊಳಗೇ ಇರುತ್ತವೆ. ಹೊರಗಿನಿಂದ ಕೋಡೆಕ್ ಪ್ಯಾಕ್ ಹಾಕಿದರೂ ವಿಎಲ್‌ಸಿ ಅದರ ಕಡೆ ತಿರುಗಿಯೂ ನೋಡುವುದಿಲ್ಲ. 'ಈ ವಿಡಿಯೋ ನೋಡಲು ಕೋಡೆಕ್ ಇಳಿಸಿಕೊಳ್ಳಿ' ಅಂತ ಎಲ್ಲಾದರೂ ಕಿಟಕಿ ತೆರೆದುಕೊಂಡರೆ ದಯವಿಟ್ಟು ಮುಚ್ಚಿಬಿಡಿ. ವೈರಸ್ ನುಗ್ಗುವ ಹಳೆಯ ದಾರಿ ಅದು.

ವಿಎಲ್‌ಸಿಯ 3.0 ಸಾಲು ಎಕ್ಸ್‌ಪಿಯಲ್ಲಿ ನಡೆಯುತ್ತದೆ, ಆದರೆ ಸರ್ವಿಸ್ ಪ್ಯಾಕ್ 3 (ಎಕ್ಸ್‌ಪಿಯ ಅಪ್‌ಡೇಟುಗಳ ಮೂರನೆಯ ಕಟ್ಟು) ಇರಲೇಬೇಕು. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿದರೆ ಯಾವ ಪ್ಯಾಕ್ ಅಂತ ಬರೆದಿರುತ್ತದೆ. ಇಳಿಸಿಕೊಳ್ಳುವಾಗ 32 ಬಿಟ್‌ನದ್ದೇ ಆರಿಸಿ. ಕಂಪ್ಯೂಟರಿಗೆ 3.0 ಭಾರ ಅನಿಸಿದರೆ 2.2.8 ಹಾಕಿ. ವಿಎಲ್‌ಸಿ ಮಾಡುವ ವಿಡಿಯೋಲ್ಯಾನ್‌ನವರು ಹಳೆ ಆವೃತ್ತಿಗಳನ್ನೂ ತಮ್ಮ ಜಾಲತಾಣದಲ್ಲಿ ಇಟ್ಟಿದ್ದಾರೆ.

ಎಕ್ಸ್‌ಪಿಯಿಂದಲೇ ಇಳಿಸಲು ಹೋಗಬೇಡಿ. 2014ರ ಏಪ್ರಿಲ್ 8ಕ್ಕೇ ಅದಕ್ಕೆ ಭದ್ರತೆಯ ಅಪ್‌ಡೇಟ್ ಕೊಡುವುದು ನಿಂತಿದೆ. ಅದರ ಹಳೆ ಬ್ರೌಸರಿನಲ್ಲಿ ಈಗಿನ ಅರ್ಧ ಜಾಲತಾಣಗಳು ತೆರೆಯುವುದೂ ಇಲ್ಲ. ನಮ್ಮ ಎಕ್ಸ್‌ಪಿಗೆ ಇಂಟರ್ನೆಟ್ ಕೇಬಲ್ಲೇ ಇಲ್ಲ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್ ಡ್ರೈವಿನಲ್ಲಿ ತರುತ್ತೇನೆ. ಪೆನ್ ಡ್ರೈವಿನ ಫಾರ್ಮ್ಯಾಟ್ ಫ್ಯಾಟ್32 ಆಗಿರಲಿ. ಎಕ್ಸ್‌ಫ್ಯಾಟ್ ಆಗಿದ್ದರೆ ಎಕ್ಸ್‌ಪಿ 'ಫಾರ್ಮ್ಯಾಟ್ ಮಾಡಲೇ?' ಅಂತ ಕೇಳುತ್ತದೆ. ಹೌದು ಅಂದರೆ ಒಳಗಿದ್ದದ್ದೆಲ್ಲ ಹೋಯಿತು! ಪೆನ್ ಡ್ರೈವ್ ಚುಚ್ಚುವಾಗ ಶಿಫ್ಟ್ ಕೀ ಒತ್ತಿ ಹಿಡಿದುಕೊಳ್ಳಿ, ಆಟೋರನ್ ವೈರಸ್ ತಾನಾಗಿ ಏಳುವುದು ತಪ್ಪುತ್ತದೆ.

ವಿಎಲ್‌ಸಿ ಮೊದಲು ಸರಿ ಇದ್ದು ಈಗ ಹುಚ್ಚುಚ್ಚಾಗಿ ಆಡುತ್ತಿದ್ದರೆ ತೆಗೆದು ಹಾಕುವ ಮೊದಲು ಟೂಲ್ಸ್, ಪ್ರಿಫರೆನ್ಸಸ್‌ಗೆ ಹೋಗಿ ಕೆಳಗಿರುವ ರೀಸೆಟ್ ಒತ್ತಿ. ಸುಮ್ನೆ ತೆಗೆದು ಮತ್ತೆ ಹಾಕಿದರೆ ಹಳೆ ಸೆಟ್ಟಿಂಗುಗಳು ಹಾಗೇ ಉಳಿದುಬಿಡಬಹುದು. ಅದಕ್ಕೇ 'ಹೊಸದಾಗಿ ಹಾಕಿದರೂ ಅದೇ ಗೋಳು' ಅನ್ನುವುದು.

ಸಿಡಿ ಡ್ರೈವ್ ನಿಧಾನವಾದರೆ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಷ್ಟೋ ಒಳ್ಳೆಯ ಡಿಸ್ಕುಗಳು ಇದೊಂದು ಕಾರಣಕ್ಕೆ ಕಸದ ಬುಟ್ಟಿ ಸೇರಿವೆ.

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಮಗಳ ಮದುವೆಯ ವಿಸಿಡಿ ಜೊತೆ ಮನೆಯ ಸಿಪಿಯುವನ್ನೂ ಆಟೋದಲ್ಲಿ ತಂದಿದ್ದರು.

"ಡಿಸ್ಕೇ ಹೋಗಿದೆ ಅಂದ್ರಮ್ಮ ಅಲ್ಲೊಬ್ರು. ನೋಡೋ ಹಾಗಿದ್ರೆ ನೋಡು."

"ಕೂತ್ಕೊಳ್ಳಿ ಮೇಷ್ಟ್ರೇ, ನಮ್ಮದರಲ್ಲಿ ಹಾಕಿ ನೋಡೋಣ."

ನಮ್ಮದರಲ್ಲಿ ಓಡಿತು. ಅವರದ್ದರಲ್ಲಿ ಹಾಕಿದರೆ ನಾದಸ್ವರ ತುಂಡು ತುಂಡು. ಮೌಸ್ ಬಾಣ ಕೂಡ ನೆಗೆದು ನೆಗೆದು ಓಡಾಡುತ್ತಿತ್ತು. ಆ ಮೌಸ್ ನೋಡಿದಾಗಲೇ ಗೊತ್ತಾಯಿತು. ಡಿಸ್ಕ್ ಹಾಳಾಗಿದ್ದರೆ ಮೌಸ್ ಯಾಕೆ ತಡವರಿಸಬೇಕು?

ಆಗುವುದೇನೆಂದರೆ, ಸಿಡಿ ಡ್ರೈವ್ ಸಾಮಾನ್ಯವಾಗಿ ಡಿಎಂಎ ಅನ್ನುವ ದಾರಿಯಲ್ಲಿ ಮಾಹಿತಿಯನ್ನು ನೇರವಾಗಿ ಮೆಮೊರಿಗೆ ಕಳಿಸುತ್ತದೆ. ಗೀರು ಬಿದ್ದ ಡಿಸ್ಕ್ ಹಾಕಿದಾಗ ಓದಲಾಗದೆ ಮತ್ತೆ ಮತ್ತೆ ತಪ್ಪಾಗುತ್ತದೆ. ಇಂಥ ಆರೇಳು ತಪ್ಪು ಸೇರಿದರೆ ಎಕ್ಸ್‌ಪಿ ಆ ಡ್ರೈವನ್ನು ಪಿಐಒ ಅನ್ನುವ ಹಳೆ ದಾರಿಗೆ ಇಳಿಸಿಬಿಡುತ್ತದೆ. ಅಲ್ಲಿ ಪ್ರತಿಯೊಂದು ತುಣುಕನ್ನೂ ಪ್ರೊಸೆಸರ್ರೇ ಹೊತ್ತು ಸಾಗಿಸಬೇಕು. ಗೀರಿನ ಡಿಸ್ಕ್ ತೆಗೆದು ಒಳ್ಳೆಯದು ಹಾಕಿದರೂ ಅದು ತಾನಾಗಿ ಮೇಲಕ್ಕೆ ಬರುವುದಿಲ್ಲ. ಆಮೇಲೆ ಹಾಕಿದ ಡಿಸ್ಕುಗಳೆಲ್ಲ ಕೆಟ್ಟಿವೆ ಅನಿಸುತ್ತದೆ. ಡಿವಿಡಿಯ ಪಾಡಂತೂ ಕೇಳಲೇಬೇಡಿ.

ನೋಡುವುದು ಹೀಗೆ. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಮ್ಯಾನೇಜ್, ಡಿವೈಸ್ ಮ್ಯಾನೇಜರ್. ಅಲ್ಲಿ ಐಡಿಇ ಕಂಟ್ರೋಲರ್ ಸಾಲನ್ನು ಬಿಡಿಸಿ. ಪ್ರೈಮರಿ, ಸೆಕೆಂಡರಿ ಅಂತ ಎರಡು ಚಾನೆಲ್ ಕಾಣುತ್ತವೆ. ಸಿಡಿ ಡ್ರೈವ್ ಸಾಮಾನ್ಯವಾಗಿ ಸೆಕೆಂಡರಿಯಲ್ಲಿರುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆಯಿರಿ. 'ಕರೆಂಟ್ ಟ್ರಾನ್ಸ್‌ಫರ್ ಮೋಡ್' ಎದುರು ಪಿಐಒ ಅಂತ ಇದ್ದರೆ ಕಳ್ಳ ಸಿಕ್ಕಿದ. ಮೊದಲು ಅದರ ಮೇಲಿನ ಪಟ್ಟಿಯಲ್ಲಿ 'ಡಿಎಂಎ ಇಫ್ ಅವೈಲಬಲ್' ಆರಿಸಿ ರೀಸ್ಟಾರ್ಟ್ ಮಾಡಿ ನೋಡಿ. ಆದರೂ ಪಿಐಒದಲ್ಲೇ ಕೂತಿದ್ದರೆ ಆ ಸೆಕೆಂಡರಿ ಚಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ. ಹೆದರಬೇಡಿ, ಎಕ್ಸ್‌ಪಿ ಅದನ್ನು ತಾನೇ ಹುಡುಕಿ ಮತ್ತೆ ಹಾಕಿಕೊಳ್ಳುತ್ತದೆ, ತಪ್ಪುಗಳ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಮೇಷ್ಟ್ರ ಕಂಪ್ಯೂಟರಿಗೆ ಮಾಡಿದ್ದು ಇಷ್ಟೇ. ನಾದಸ್ವರ ಪೂರ್ತಿ ಕೇಳಿಸಿತು.

ಇಷ್ಟಾದರೂ ತಡವರಿಸಿದರೆ ಆಗ ಡಿಸ್ಕ್ ನೋಡಿ. ಬೆಳಕಿಗೆ ಹಿಡಿದು ನೋಡಿ. ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ.

ವಿಸಿಡಿಯೊಳಗೆ ಎಂಪಿಇಜಿಎವಿ ಅನ್ನುವ ಫೋಲ್ಡರ್ ಇರುತ್ತದೆ. ಅದರಲ್ಲಿರುವ ದೊಡ್ಡ ಡಿಎಟಿ ಫೈಲೇ ನಿಮ್ಮ ವಿಡಿಯೋ. ಡಬಲ್ ಕ್ಲಿಕ್ ಮಾಡಿದರೆ 'ಯಾವುದರಲ್ಲಿ ತೆರೆಯಲಿ' ಅಂತ ಕೇಳುತ್ತದೆ, ಹಾಗಾಗಿ ಜನ ಅದನ್ನು ವಿಡಿಯೋ ಅಂತಲೇ ಗುರುತಿಸುವುದಿಲ್ಲ. ವಿಎಲ್‌ಸಿಯೊಳಗೆ ಎಳೆದು ಬಿಟ್ಟರೆ ಓಡುತ್ತದೆ. ನೋಡುವ ಮೊದಲೇ ಅದನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ವಿಸಿಡಿ ಬರೆಯುವಾಗ ವಿಡಿಯೋ ಭಾಗಕ್ಕೆ ಡೇಟಾ ಸಿಡಿಯಲ್ಲಿರುವಷ್ಟು ತಪ್ಪು ತಿದ್ದುವ ಮಾಹಿತಿ ಹಾಕಿರುವುದಿಲ್ಲ. ಗೀರು ಜಾಸ್ತಿಯಾದಷ್ಟೂ ಕೈಗೆ ಸಿಗುವುದು ಕಡಿಮೆ. ಕಾಪಿ ಅರ್ಧಕ್ಕೆ ನಿಂತರೆ ವಿಎಲ್‌ಸಿಯಲ್ಲಿ ಮೀಡಿಯಾ, ಓಪನ್ ಡಿಸ್ಕ್, ಎಸ್‌ವಿಸಿಡಿ/ವಿಸಿಡಿ ಆರಿಸಿ. ಪ್ಲೇ ಬದಲು ಕನ್ವರ್ಟ್ ಕೊಟ್ಟು ಫೈಲಾಗಿ ಉಳಿಸಲು ನೋಡಿ. ಇಲ್ಲದಿದ್ದರೆ ಬೇರೆ ಕಂಪನಿಯ ಡ್ರೈವಿನಲ್ಲಿ ಹಾಕಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದಿದ್ದನ್ನು ಬೇಕಾದಷ್ಟು ಸಲ ಕಂಡಿದ್ದೇನೆ.

ಫೋನಿನ ವಿಡಿಯೋ ನಿಂತು ನಿಂತು ಬಂದರೆ

'ವಾಟ್ಸಾಪಿನಲ್ಲಿ ಬಂದದ್ದು ಓಡುತ್ತದೆ, ಫೋನಿನಲ್ಲಿ ತೆಗೆದದ್ದು ಓಡುವುದಿಲ್ಲ' ಅಂತ ಬಹಳ ಜನ ಹೇಳುತ್ತಾರೆ. ಅದು ನಿಜ. ವಾಟ್ಸಾಪ್ ವಿಡಿಯೋವನ್ನು ಕುಗ್ಗಿಸಿ ಕಳಿಸುತ್ತದೆ. ಫೋನಿನದ್ದು ಫುಲ್ ಎಚ್‌ಡಿ ಅಥವಾ 4ಕೆ, ಎಷ್ಟೋ ಸಲ ಎಚ್.265. ಇದು 2013ರಲ್ಲಿ ಬಂದ ವಿಧಾನ. ಒಂದು ಕೋಣೆಯ ಬಟ್ಟೆಯನ್ನೆಲ್ಲ ಒತ್ತಿ ಒಂದೇ ಟ್ರಂಕಿಗೆ ತುಂಬಿದ ಹಾಗೆ, ಜಾಗವೇನೋ ಉಳಿಯುತ್ತದೆ, ಬಿಡಿಸುವ ಕೆಲಸ ಜಾಸ್ತಿ. ಪೆಂಟಿಯಂ 4ಕ್ಕೆ ಅಷ್ಟು ವೇಗವಾಗಿ ಬಿಡಿಸಲು ಆಗುವುದಿಲ್ಲ. ಸದ್ದು ಮುಂದೆ ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ.

ಖಾತ್ರಿ ಮಾಡಿಕೊಳ್ಳಲು ವಿಡಿಯೋ ಓಡುವಾಗ ವಿಎಲ್‌ಸಿಯಲ್ಲಿ ಟೂಲ್ಸ್, ಕೋಡೆಕ್ ಇನ್ಫರ್ಮೇಶನ್ ತೆರೆಯಿರಿ. ಕೋಡೆಕ್ ಹೆಸರು, ಚಿತ್ರದ ಅಳತೆ ಎರಡೂ ಅಲ್ಲಿವೆ. ಜೊತೆಗೆ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ನೋಡಿ. ನೂರಕ್ಕೆ ನೂರು ತೋರಿಸುತ್ತಿದ್ದರೆ ಪ್ಲೇಯರ್ ಬದಲಿಸಿ ಪ್ರಯೋಜನವಿಲ್ಲ.

ಕೋಡೆಕ್ ಎಚ್.265ಕ್ಕಿಂತ ಹಳೆಯದಾದ ಎಚ್.264 ಆಗಿದ್ದು ಸ್ವಲ್ಪದರಲ್ಲೇ ತಡವರಿಸುತ್ತಿದ್ದರೆ ಒಂದು ಉಪಾಯ ಇದೆ. ಪ್ರಿಫರೆನ್ಸಸ್‌ನ ಇನ್‌ಪುಟ್/ಕೋಡೆಕ್ಸ್ ಪುಟದಲ್ಲಿ 'ಸ್ಕಿಪ್ ಎಚ್.264 ಇನ್‌ಲೂಪ್ ಡೀಬ್ಲಾಕಿಂಗ್ ಫಿಲ್ಟರ್' ಅಂತಿದೆ. ಅದನ್ನು 'ಆಲ್' ಮಾಡಿ. ಚಿತ್ರ ಕೊಂಚ ಚೌಕಚೌಕ ಕಾಣುತ್ತದೆ, ಓಟ ಸುಧಾರಿಸುತ್ತದೆ.

ಎಚ್.265 ಆಗಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಬದಲಾಯಿಸಿಕೊಂಡೇ ತರಬೇಕು. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ 'ಫಾಸ್ಟ್ 480ಪಿ30' ಆರಿಸಿ, ವಿಡಿಯೋ ಪುಟದಲ್ಲಿ 'ಫಾಸ್ಟ್ ಡಿಕೋಡ್' ಟಿಕ್ ಮಾಡಿ. ಹೀಗೆ ಮಾಡಿದ್ದು ನಮ್ಮ ಹಳೆಯದರಲ್ಲೂ ಚೆನ್ನಾಗಿ ಓಡುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಸದ್ದಿಲ್ಲ, ಚಿತ್ರವಿಲ್ಲ, ಹೆಸರು ಕಾಣುವುದಿಲ್ಲ

ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿ. ಅಲ್ಲಿ 'ವೇವ್' ಅನ್ನುವ ಪಟ್ಟಿ ಮ್ಯೂಟ್ ಆಗಿದೆಯಾ ನೋಡಿ. ಮಕ್ಕಳು ಮುಟ್ಟಿದ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇದೇ ಆಗಿರುತ್ತದೆ. ಸ್ಪೀಕರ್ ಚಿತ್ರವೇ ಇಲ್ಲದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಹುಡುಕಿ. ಇದ್ದರೆ ಡ್ರೈವರ್ ಹೋಗಿದೆ, ಮದರ್‌ಬೋರ್ಡ್ ಜೊತೆ ಬಂದ ಸಿಡಿ ಬೇಕು. ಹಾಡಿನ ಆಡಿಯೋ ಸಿಡಿ ಮಾತ್ರ ಮೂಕವಾಗಿದ್ದರೆ ಸಿಡಿ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಡಿ ಆಡಿಯೋಗೆ ಟಿಕ್ ಹಾಕಿ.

ಸದ್ದು ಬರುತ್ತದೆ, ಪರದೆ ಮಾತ್ರ ಹಸಿರು ಅಥವಾ ಕಪ್ಪು ಅಂದರೆ ವಿಎಲ್‌ಸಿ ಪ್ರಿಫರೆನ್ಸಸ್‌ನ ವಿಡಿಯೋ ಪುಟದಲ್ಲಿ ಔಟ್‌ಪುಟ್ ಬದಲಿಸಿ. ಮೊದಲು ಡೈರೆಕ್ಟ್‌ಡ್ರಾ, ಆಗದಿದ್ದರೆ ವಿಂಡೋಸ್ ಜಿಡಿಐ. ಪ್ರತಿ ಸಲವೂ ಸೇವ್ ಕೊಟ್ಟು ವಿಎಲ್‌ಸಿಯನ್ನು ಮುಚ್ಚಿ ತೆರೆಯಿರಿ.

ಕನ್ನಡದಲ್ಲಿ ಹೆಸರಿಟ್ಟ ಹಾಡುಗಳು ಬರೀ ಚೌಕಗಳಾಗಿ ಕಂಡರೆ ಫೈಲ್ ಕೆಟ್ಟಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ ಲ್ಯಾಂಗ್ವೇಜಸ್ ಪುಟಕ್ಕೆ ಹೋಗಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಅಂತಿರುವ ಸಾಲಿಗೆ ಟಿಕ್ ಹಾಕಿ. ಎಕ್ಸ್‌ಪಿ ಸಿಡಿ ಕೇಳುತ್ತದೆ, ಹಾಕಿ. ಎಕ್ಸ್‌ಪಿಯದ್ದೇ ಕನ್ನಡ ಅಕ್ಷರವಾದ ತುಂಗಾ ಬಂದು ಕೂರುತ್ತದೆ. ಒತ್ತಕ್ಷರ ಸಮೇತ ಹೆಸರುಗಳು ಸರಿಯಾಗಿ ಕಾಣುತ್ತವೆ.

ಇಷ್ಟೆಲ್ಲ ಸರಿಯಾದ ಮೇಲೆ ಒಂದು ಪೆನ್ ಡ್ರೈವ್ ತೆಗೆದಿಡಿ. ಅದರಲ್ಲಿ ವಿಎಲ್‌ಸಿಯ ಇನ್‌ಸ್ಟಾಲರ್, ನಿಮ್ಮ ಸೌಂಡ್ ಮತ್ತು ಡಿಸ್‌ಪ್ಲೇ ಡ್ರೈವರುಗಳು, ಸರ್ವಿಸ್ ಪ್ಯಾಕ್ 3, ಚೆನ್ನಾಗಿ ಓಡುವ ಒಂದು ಸಣ್ಣ ವಿಡಿಯೋ ಇರಲಿ. ಡಿಸ್ಕಿನಿಂದ ಕಾಪಿ ಮಾಡಿದ ಮದುವೆ, ತಾಳಮದ್ದಳೆಗಳನ್ನು ಅದರಲ್ಲಿ ಇಡಬೇಡಿ. ಅವುಗಳಿಗೆ ಬೇರೆ ಹಾರ್ಡ್ ಡಿಸ್ಕ್ ಇರಲಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ.