ಸೇಂಟ್ ಆಲ್ಬನ್ಸ್‌ನ ರೋಮನ್ ಅವಶೇಷ ನೋಡಲು ಹೋಗುವವರಿಗೆ

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಥೇಮ್ಸ್‌ಲಿಂಕ್ ವೇಗದ ರೈಲು ಹಿಡಿದರೆ ಸುಮಾರು 20 ನಿಮಿಷ. ಇಳಿಯಬೇಕಾದ್ದು ‘ಸಿಟಿ’ ನಿಲ್ದಾಣದಲ್ಲಿ. ‘ಆ್ಯಬಿ’ ಎಂಬ ಇನ್ನೊಂದು ನಿಲ್ದಾಣವೂ ಇದೆ. ಅಲ್ಲಿಗೆ ಹೋಗುವುದು ವ್ಯಾಟ್‌ಫರ್ಡ್ ಜಂಕ್ಷನ್ನಿನಿಂದ ಹೊರಡುವ ಸಣ್ಣ ರೈಲು. ಹೆಸರು ನೋಡಿ ಮೋಸಹೋಗುವವರು ಬಹಳ.

ಬುಧವಾರ, ಶನಿವಾರ ಸಂತೆಯ ದಿನ. ಊಟಕ್ಕೆ ಬೇಕಾದ್ದನ್ನು ಸಂತೆಯಲ್ಲೇ ಕಟ್ಟಿಸಿಕೊಳ್ಳಿ, ಕೆಳಗೆ ಪಾರ್ಕಿನಲ್ಲಿ ಕೂತು ತಿನ್ನಬಹುದು. ಹಳೆಯ ಟೌನ್ ಹಾಲಿನಲ್ಲಿ ಊರಿನ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಹಳೆಯ ನ್ಯಾಯಾಲಯ, ಅದರಡಿಯ ಕೈದಿಗಳ ಕೋಣೆಗಳು: ಅರ್ಧ ಗಂಟೆ ಸಾಕು.

ಅಲ್ಲಿಂದ ಎಲ್ಲರೂ ಹೋಗುವುದು ಎದುರಿಗೇ ಕಾಣುವ ಕತೀಡ್ರಲ್‌ಗೆ. ನೀವು ಅದನ್ನು ಕೊನೆಗಿಡಿ. ಫಿಶ್‌ಪೂಲ್ ಸ್ಟ್ರೀಟ್ ಹಿಡಿದು ಇಳಿಯುತ್ತಾ ವೆರ್ ಹೊಳೆ ದಾಟಿದರೆ ವೆರುಲೇಮಿಯಂ ಮ್ಯೂಸಿಯಂ ಸಿಗುತ್ತದೆ. ವೆರುಲೇಮಿಯಂ ಎಂದರೆ ಇಲ್ಲಿದ್ದ ರೋಮನ್ ಊರಿನ ಹೆಸರು. ಸಂತೆಯಿಂದ ಹೆಚ್ಚೆಂದರೆ 25 ನಿಮಿಷದ ನಡಿಗೆ.

ಇದಕ್ಕೆ ಟಿಕೆಟ್ ಇದೆ. ಎರಡು ಗಂಟೆ ಇಟ್ಟುಕೊಳ್ಳಿ. ಚಿಪ್ಪಿನಾಕಾರದ ಮೊಸಾಯಿಕ್ ನೆಲ, ಬಣ್ಣದ ಗೋಡೆಗಾರೆ, ವೀನಸ್ ದೇವತೆಯ ಪುಟ್ಟ ಕಂಚಿನ ಮೂರ್ತಿ ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಇಟ್ಟಿಗೆಗಳ ಮುಂದೆ. ರೋಮನ್ ಇಟ್ಟಿಗೆ ನಮ್ಮ ಇಟ್ಟಿಗೆಯಂತಲ್ಲ: ಅಗಲವಾದ, ಚಪ್ಪಟೆಯಾದ ಕೆಂಪು ಬಿಲ್ಲೆ, ದಪ್ಪ ನಾಲ್ಕು ಸೆಂಟಿಮೀಟರ್ ಆಸುಪಾಸು. ಆ ಅಳತೆ ಕಣ್ಣಿನಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

1930ರ ದಶಕದಲ್ಲಿ ಇಲ್ಲಿ ಅಗೆದವರು ಪುರಾತತ್ವಜ್ಞ ದಂಪತಿ ಟೆಸ್ಸಾ ವೀಲರ್ ಮತ್ತು ಮಾರ್ಟಿಮರ್ ವೀಲರ್. ಮಣ್ಣಿನ ಪದರ ಪದರವನ್ನೂ ಬಿಡಿಸಿ ಓದುವ ಅದೇ ಪದ್ಧತಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆದರು. ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿದೆ.

ಮ್ಯೂಸಿಯಂ ಪಕ್ಕದ ಸೇಂಟ್ ಮೈಕಲ್ಸ್ ಚರ್ಚು ನಿಂತಿರುವುದು ರೋಮನ್ ಊರಿನ ನಡುಚೌಕದ ಮೇಲೆ. ರಸ್ತೆ ದಾಟಿದರೆ ರಂಗಮಂದಿರ, ಸುಮಾರು ಕ್ರಿ.ಶ. 140ರದು. ಅದು ಖಾಸಗಿ ಎಸ್ಟೇಟಿನ ಜಾಗ. ಮ್ಯೂಸಿಯಂ ಟಿಕೆಟ್ ನಡೆಯುವುದಿಲ್ಲ, ಬಾಗಿಲು ತೆರೆಯುವ ವೇಳೆಯೂ ಬೇರೆ. ಹೊರಡುವ ಮುನ್ನ ಎರಡರ ವೇಳೆಯನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಿ. ಒಳಗೆ ಎತ್ತರದ ಗೋಡೆ ಹುಡುಕಬೇಡಿ. ಹುಲ್ಲು ಹೊದ್ದ ದಿಬ್ಬಗಳೇ ಪ್ರೇಕ್ಷಕರು ಕೂರುತ್ತಿದ್ದ ಜಾಗ. ನಾಲ್ಕನೇ ಶತಮಾನದ ಕೊನೆಗೆ ಇದು ಊರಿನ ತಿಪ್ಪೆಯಾಗಿತ್ತು!

ಪಾರ್ಕಿನೊಳಗಿನ ಬಿಳಿ ಕಟ್ಟಡಕ್ಕೆ ದುಡ್ಡು ಕೊಡಬೇಕಿಲ್ಲ. ಮೊಸಾಯಿಕ್ ನೆಲವನ್ನು ಎತ್ತದೆ, ಇದ್ದಲ್ಲೇ ಇಟ್ಟು ಸುತ್ತ ಗೋಡೆ ಕಟ್ಟಿದ್ದಾರೆ. ನೆಲದಡಿ ಬಿಸಿಗಾಳಿ ಹರಿಯುತ್ತಿದ್ದ ಕಾಲುವೆ ಕಾಣಬೇಕಾದರೆ ಸ್ವಲ್ಪ ಬಗ್ಗಬೇಕು.

ಇನ್ನು ಊರಗೋಡೆ. ಹತ್ತಿರ ಹೋದವರಿಗೆ ಗಾರೆಯಲ್ಲಿ ಹುದುಗಿದ ಚಕಮಕಿ ಕಲ್ಲಿನ ಗುಡ್ಡೆಯಷ್ಟೇ ಕಂಡು ಬೇಸರವಾಗುವುದುಂಟು. ಅದು ಗೋಡೆಯ ಒಳತಿರುಳು. ಮೇಲ್ಮೈ ಕಲ್ಲನ್ನು ಜನ ಕಿತ್ತೊಯ್ದಿದ್ದಾರೆ. ನಡುನಡುವೆ ಅಡ್ಡಪಟ್ಟಿಯಂತೆ ಹೋಗುವ ಕೆಂಪು ಸಾಲುಗಳನ್ನು ನೋಡಿ, ಮ್ಯೂಸಿಯಂನಲ್ಲಿ ಕಂಡ ಅದೇ ಇಟ್ಟಿಗೆ. ಗೋಡೆ ಹತ್ತಬಾರದು. ನೆಲದ ಮೇಲಿನ ಚೂರನ್ನೂ ಹೆಕ್ಕಬೇಡಿ, ಇದು ಕಾನೂನಿನ ರಕ್ಷಣೆಯಲ್ಲಿರುವ ಜಾಗ. ಮಳೆ ಬಂದ ಮರುದಿನ ಹುಲ್ಲುಹಾದಿ ಜಾರುತ್ತದೆ, ಚಪ್ಪಲಿ ಸಾಲದು.

ಕೆರೆಯ ಬದಿಯಿಂದ ಏರು ಹತ್ತಿದರೆ ಕತೀಡ್ರಲ್. ಈಗ ಹೊರಗೇ ನಿಂತು ಗೋಪುರವನ್ನು ನೋಡಿ. ಸುತ್ತಮುತ್ತ ಒಳ್ಳೆಯ ಕಟ್ಟಡಕಲ್ಲು ಸಿಗದ ಕಾರಣ 11ನೇ ಶತಮಾನದಲ್ಲಿ ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಪಾಳುಬಿದ್ದ ವೆರುಲೇಮಿಯಂನ ಇಟ್ಟಿಗೆಗಳನ್ನೇ ಹೊತ್ತು ತಂದು ಇದನ್ನು ಎಬ್ಬಿಸಿದರು. ಕೆಳಗೆ ಪಾರ್ಕಿನಲ್ಲಿ ಕಾಣೆಯಾದ ಊರು ಬಹುಪಾಲು ಇಲ್ಲೇ ನಿಂತಿದೆ. ಸಂಜೆಯ ಪ್ರಾರ್ಥನೆಯ ಹೊತ್ತಿನಲ್ಲಿ ಒಳಗೆ ತಿರುಗಾಡಲು ಬಿಡದಿದ್ದರೂ ಚಿಂತೆಯಿಲ್ಲ, ಇಟ್ಟಿಗೆ ಕಾಣುವುದು ಹೊರಗಿನಿಂದಲೇ.